ಒಡಪಿನ ಎರಡನೇ ಸಾಲು

೧೨ ಜೂನ್ ೨೦೦೬, ಸೋಮವಾರ. ಮಧ್ಯಾಹ್ನ

ಇವತ್ತೂ ಟ್ರಾಮ್. ಇವತ್ತೂ ಬೆಂಚು. ಈ ಊರಿನಲ್ಲಿ ನನ್ನ ಕೆಲಸ ಅಂದರೆ ಒಂದು ಬೆಂಚಿನಿಂದ ಎದ್ದು ಇನ್ನೊಂದು ಬೆಂಚಿಗೆ ಹೋಗಿ ಕೂರುವುದು. ಮೊಮ್ಮಗಳು ಶ್ರಾವಣಿ ಲೈಬ್ರರಿಯಿಂದ ಒಂದು ಪುಸ್ತಿಕೆ ತಂದಿದ್ದಾಳೆ — ವಯಸ್ಸಾದವರು ಗೋಥೆನ್‌ಬರ್ಗ್ ನೋಡುವುದು ಹೇಗೆ ಅಂತ. ದಿನಕ್ಕೆ ಒಂದೇ ಜಾಗ. ಗಂಟೆಗೊಮ್ಮೆ ಕೂರಬೇಕು. ಎಲ್ಲಿ ಬೆಂಚಿದೆ, ಎಲ್ಲಿ ಪಾಯಖಾನೆ, ಎಲ್ಲಿ ಮೆಟ್ಟಿಲಿಲ್ಲ... ಎಲ್ಲ ಚಿತ್ರ ಸಮೇತ. ನಮ್ಮ ಕಡೆ ಇದನ್ನು ಯಾರೂ ಬರೆದಿಡಲಿಲ್ಲ. ಮುದುಕರು ತಮ್ಮ ಕಟ್ಟೆ ತಾವೇ ಹುಡುಕಿಕೊಂಡರು.

ಇವರಿಗಂತೂ, ಅಂದರೆ ನಮ್ಮ ಯಜಮಾನರಿಗೆ, ಟ್ರಾಮ್ ಅಂದರೆ ಹಬ್ಬ. ಮೂವತ್ತೊಂದು ವರ್ಷ ಗದಗ ಡಿಪೋದಲ್ಲಿ ಬಸ್ ಕಂಡಕ್ಟರ್ ಆಗಿದ್ದವರು. ಇಲ್ಲಿ ಟ್ರಾಮಿನಲ್ಲಿ ಕಂಡಕ್ಟರೇ ಇಲ್ಲ. ಚೀಟಿಯನ್ನು ಒಂದು ಡಬ್ಬಿಯ ಬಾಯಿಗೆ ತುರುಕಬೇಕು, ಅದು ಟಿಣ್ ಅನ್ನುತ್ತದೆ. "ನನ್ನ ನೌಕರಿ ಡಬ್ಬಿ ಮಾಡಾಕತ್ತೈತಿ ನೋಡು" ಅಂದರು ಮೊದಲ ದಿನ. ಈಗ ತಾವೇ ಡ್ಯೂಟಿ ಹಿಡಿದಿದ್ದಾರೆ. ಬಾಗಿಲ ಹತ್ತಿರ ಕಂಬ ಹಿಡಿದು ನಿಲ್ಲುವುದು. ಹಳೇ ಟ್ರಾಮಿಗೆ ಮೂರು ಎತ್ತರದ ಮೆಟ್ಟಿಲು — ಕೂಸಿನ ಗಾಡಿ ಬಂದರೆ ಒಂದು ಕಡೆ ಹಿಡಿದು ಎತ್ತಿ ಕೊಡುವುದು. ಎಲ್ಲರೂ ಹತ್ತಿದ ಮೇಲೆ ಮೆಲ್ಲಗೆ "ರೈಟ್" ಅನ್ನುವುದು. ಬಾಗಿಲು ಹೇಗೂ ಮುಚ್ಚುವುದೇ. ತಾವು ಅಂದದ್ದಕ್ಕೆ ಮುಚ್ಚಿತು ಅಂತ ಮುಖ. ಎಪ್ಪತ್ತಾರು ವರ್ಷದ ಮುಖ.

ನೋಡಿದ್ದೆಲ್ಲ ಬರಿ ಅಜ್ಜಿ ಅಂತ ಶ್ರಾವಣಿ ಈ ನೋಟ್‌ಬುಕ್ ಕೊಟ್ಟಳು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಇವರಿಗೆ ಕನ್ನಡಕ ಇಟ್ಟ ಜಾಗವೇ ನೆನಪಿರುವುದಿಲ್ಲ. ಆದ್ದರಿಂದ ಧೈರ್ಯವಾಗಿ ಬರೆಯಬಹುದು.

೧೪ ಜೂನ್

ಮಗಳ ಮನೆ ಮೋಲ್ನ್‌ಡಾಲ್‌ನಲ್ಲಿ. ಕಾಂಚನಾಗೆ ಔಷಧ ಕಂಪನಿಯ ಲ್ಯಾಬಿನಲ್ಲಿ ಕೆಲಸ — ಇಲಿಗಳಿಗೆ ಮಾತ್ರೆ ಕೊಟ್ಟು ಕಾಯುವುದು. ಅಳಿಯ ದೂರದ ಲುಲೆಯೊ ಕಾಲೇಜಿನಲ್ಲಿ, ತಿಂಗಳಿಗೊಮ್ಮೆ ದರ್ಶನ.

ಈ ದೇಶದಲ್ಲಿ ಯಾರನ್ನೂ ಯಾರೂ "ರೀ" ಅನ್ನುವುದಿಲ್ಲ, "ಅವರೇ" ಅನ್ನುವುದಿಲ್ಲ. ದೊಡ್ಡ ಡಾಕ್ಟರಿಗೂ ಹೆಸರೇ, ಬಸ್ಸಿನವನಿಗೂ ಹೆಸರೇ. ಎದುರು ಮನೆಯ ಲೀನಾ ಆರು ವರ್ಷದವಳು. ನಿನ್ನೆ ಕೆಳಗೆ ಅಂಗಳದಿಂದ ಇವರ ಹೆಸರು ಹಿಡಿದು ಕೂಗಿತು. ಬರೀ ಹೆಸರು! ಇವರು ಮೇಲೆ ಗ್ಯಾಲರಿಯಲ್ಲಿ, ಅದೇ ಬಾಲ್ಕನಿಯಲ್ಲಿ, ನನ್ನ ಕಡೆ ಬೆನ್ನು ಮಾಡಿ ಕೂತಿದ್ದರು. ನಾನು ಅದಕ್ಕೆ ಮೊದಲು ನಾಲ್ಕು ಸಲ "ರೀ, ಚಾ ಆರಾಕತ್ತೈತಿ" ಅಂದಿದ್ದೆ. ತಿರುಗಿರಲಿಲ್ಲ. ಲೀನಾ ಒಂದೇ ಸಲ ಕೂಗಿದ್ದಕ್ಕೆ ಎದ್ದು ನಿಂತು ಕೈ ಬೀಸಿದರು.

"ಕಿವಿ ಕೇಳಂಗಿಲ್ಲ ಅಂತೀರಿ?"

"ರೀ ಅಂದ್ರ ಹೆಂಗ ಕೇಳಬೇಕು? ಮೂವತ್ತೊಂದು ವರ್ಷ ರೀ ಚಿಲ್ಲರ, ರೀ ಸ್ಟಾಪು, ರೀ ಜಾಗ ಕೊಡಸ್ರಿ. ಎಲ್ಲಾ ರೀಗೂ ತಿರಗಿದ್ರ ನನ್ನ ಕುತ್ತಿಗಿ ಉಳೀತಿತ್ತೇನು? ಹೆಸರು ಹಿಡದ್ರ ತಿರಗತೀನಿ."

ಹುಬ್ಬಳ್ಳಿಯಲ್ಲಿ ಮಾಡಿಸಿದ ಕಿವಿ ಮಷೀನು ಕನ್ನಡಕದ ಡಬ್ಬಿಯಲ್ಲೇ ಮಲಗಿದೆ. ಅದರೊಳಗೆ ಜೀರುಂಡೆ ಇದೆಯಂತೆ.

೧೭ ಜೂನ್, ಶನಿವಾರ. ಸಂಜೆ

ಕಾಲುವೆಯಲ್ಲಿ ದೋಣಿ. ಮೇಲೆ ಚಾವಣಿ ಇಲ್ಲದ ಚಪ್ಪಟೆ ದೋಣಿ, ಕೂತರೆ ಸಾಕು, ಊರೇ ಪಕ್ಕದಲ್ಲಿ ಹಾದು ಹೋಗುತ್ತದೆ. ಒಂದು ಸೇತುವೆ ಎಷ್ಟು ಗಿಡ್ಡ ಅಂದರೆ ಎಲ್ಲರೂ ಸೀಟು ಬಿಟ್ಟು ನೆಲಕ್ಕೆ ಇಳಿದು ತಲೆ ಬಗ್ಗಿಸಬೇಕು. ಇವರು ಎಲ್ಲರಿಗಿಂತ ಮೊದಲು "ಬಗ್ಗರಿ, ಬಗ್ಗರಿ, ತಲಿ ಒಳಗ!" ಅಂತ ಕೂಗಿದರು. ಜರ್ಮನಿಯ ಮುದುಕಿಯೊಬ್ಬಳು ಬಗ್ಗಿಯೂ ಬಿಟ್ಟಳು.

ಇಳಿದ ಮೇಲೆ ದಂಡೆಯ ಬೆಂಚು. ಶ್ರಾವಣಿ ಐಸ್‌ಕ್ರೀಮ್ ತರಲು ಹೋದಳು. ಆಗ ಇವರು ಅಂದರು —

"ಇಲ್ಲಿ ನಮ್ಮೋರು ಯಾರೂ ಇಲ್ಲ. ನಿಮ್ಮವ್ವ ಇಲ್ಲ, ನಮ್ಮವ್ವ ಇಲ್ಲ. ಒಂದ್ಸಲ ನನ್ನ ಹೆಸರು ಕರಿ. ಕೇಳೂಣು."

"ಹುಚ್ಚ ಹಿಡದೈತೇನು? ಗಂಡನ ಹೆಸರು ಕರದ್ರ ಅವನ ಆಯುಷ್ಯ ಕಡಿಮಿ ಆಕ್ಕೈತಿ."

"ಎಪ್ಪತ್ತಾರಾತು. ಇನ್ನೇನ್ ಕಡಿಮಿ ಮಾಡತಿ, ಮಾಡು."

"ನೀವು ಹೋದ ಮ್ಯಾಲ ಕರೀತೀನಿ ತಗೋರಿ. ಓಣಿಗೆಲ್ಲಾ ಕೇಳೂ ಹಂಗ."

ನಕ್ಕರು. ಜೋರಾಗಿಯೇ ನಕ್ಕರು. ಆಮೇಲೆ ನೀರನ್ನು ನೋಡುತ್ತ ಒಡಪು ಹೇಳಿದರು. ನನ್ನದೇ ಒಡಪು. ಮದುವೆಯಾಗಿ ಗಂಡನ ಮನೆಗೆ ಬಂದಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳಿದರೆ ಒಳಗೆ ಅಂದಿದ್ದರು. ಪದ್ಯದಲ್ಲಿಟ್ಟು ಹೇಳಿದರೆ ದೋಷವಿಲ್ಲ. ಹದಿನಾರು ವರ್ಷ ನನಗೆ. ದಾರಿಯುದ್ದಕ್ಕೂ ಬಂಡಿಯಲ್ಲಿ ಕೂತು ನಾನೇ ಕಟ್ಟಿದ್ದು.

ಅಂಗಳದಾಗ ಅರಳ್ಯಾವ ಅಬ್ಬಲಿಗಿ ಹೂವು...

ಎರಡನೇ ಸಾಲು ಬರೆಯುವಂತಿಲ್ಲ. ಅದರಲ್ಲಿ ಹೆಸರಿದೆ. ಐವತ್ತನಾಲ್ಕು ವರ್ಷದಲ್ಲಿ ನನ್ನ ಬಾಯಿಂದ ಅದು ಬಂದದ್ದು ಆ ಒಂದೇ ಸಲ. ಇವರಿಗೆ ಇನ್ನೂ ನೆನಪಿದೆ ಅಂತ ನನಗೆ ಗೊತ್ತಿರಲಿಲ್ಲ.

ಐಸ್‌ಕ್ರೀಮ್ ಬಹಳ ಸಿಹಿ. ಹಲ್ಲು ಜುಮ್ಮೆಂದಿತು.

೧೯ ಜೂನ್

ಗಾಜಿನ ಮನೆ. ಒಳಗೆ ತಾಳೆ ಮರ, ಬಾಳೆ. ನಮ್ಮ ಹಿತ್ತಲಲ್ಲಿ ದನ ತಿನ್ನುವ ಎಲೆಗೆ ಇಲ್ಲಿ ಗಾಜಿನ ಅರಮನೆ, ಹೆಸರಿನ ಬೋರ್ಡು ಬೇರೆ. ಬೆಚ್ಚಗಿತ್ತು. ಇವರು ಬೆಂಚಿನ ಮೇಲೆ ಒಂದು ನಿದ್ದೆ ತೆಗೆದರು.

ಗುರುವಾರ ಶ್ರಾವಣಿಗೆ ಅಂಗಡಿಯಲ್ಲಿ ಕೆಲಸವಿದೆಯಂತೆ. ನಾವಿಬ್ಬರೇ ಹೋಗಿ ಬರುತ್ತೇವೆ ಅಂದೆ. ಕಾಂಚನಾ ಬೇಡ ಅಂದಳು. ನಾಲ್ಕು ಸಲ ಹೋಗಿ ಬಂದ ದಾರಿ, ನಾವೇನು ಕೂಸುಗಳೇ — ಅಂದವಳು ನಾನೇ. ಇವರಲ್ಲ.

೨೫ ಜೂನ್, ಭಾನುವಾರ

ಆರು ದಿನ ಪುಸ್ತಕ ಮುಟ್ಟಲಿಲ್ಲ. ಬರೆಯಬೇಕು. ಯಾರಿಗೂ ಹೇಳದ್ದನ್ನು ಎಲ್ಲಾದರೂ ಇಡಬೇಕು.

ಗುರುವಾರ, ೨೨ನೇ ತಾರೀಕು. ಮರುದಿನ ಇಲ್ಲಿಯವರ ಮಿಡ್‌ಸಮ್ಮರ್ ಹಬ್ಬ, ಪೇಟೆಯೆಲ್ಲ ಬಾಗಿಲು ಹಾಕುತ್ತದೆ. ಆದ್ದರಿಂದ ಊರಿಗೆ ಊರೇ ಅವತ್ತು ಸಂತೆಗೆ ಬಿದ್ದಿತ್ತು. ಬ್ರುನ್ಸ್‌ಪಾರ್ಕೆನ್ ಅನ್ನುವ ಸ್ಟಾಪು — ಎಲ್ಲ ಟ್ರಾಮೂ ಅಲ್ಲಿಗೇ ಬರುತ್ತವೆ. ಮನೆಗೆ ಹೋಗುವ ನಾಲ್ಕನೇ ನಂಬರಿಗೆ ಕಾಯುತ್ತಿದ್ದೆವು. ಮಧ್ಯಾಹ್ನ ಹನ್ನೆರಡೂವರೆ.

ಬೇರೆ ಯಾವುದೋ ಟ್ರಾಮ್ ಬಂತು. ಒಬ್ಬ ತಾಯಿ, ಗಾಡಿಯಲ್ಲಿ ಅವಳಿ ಕೂಸು, ಕೈಯಲ್ಲಿ ಸ್ಟ್ರಾಬೆರಿ ಡಬ್ಬಿ. ಇವರು ಹೋದರು. ಹೋಗದೆ ಇರುತ್ತಾರೆಯೇ? ಗಾಡಿಯ ಮುಂದಿನ ಭಾಗ ಹಿಡಿದು ಹಿಂದೆ ಹಿಂದೆ ನಡೆಯುತ್ತ ಮೂರು ಮೆಟ್ಟಿಲು ಹತ್ತಿದರು. ಅವರ ಹಿಂದೆ ಜನ ನುಗ್ಗಿದರು. ಇವರು ಒಳಗೆ ನನ್ನ ಕಡೆ ಬೆನ್ನು ಮಾಡಿ ನಿಂತು ಗಾಡಿಯ ಚಕ್ರಕ್ಕೆ ಬ್ರೇಕ್ ಹಾಕುತ್ತಿದ್ದರು.

ನಾನು ಬಾಗಿಲ ಎದುರಿಗೇ ಇದ್ದೆ. ಮೂರು ಮೆಟ್ಟಿಲ ದೂರ.

"ರೀ" ಅಂದೆ. "ಏನ್ರೀ! ಇಳೀರಿ!" ಅಂದೆ. ತಿರುಗಲಿಲ್ಲ. ಗೊತ್ತಿತ್ತು ನನಗೆ — ರೀ ಅಂದರೆ ತಿರುಗುವವರಲ್ಲ. ಹೆಸರು ಹಲ್ಲಿನ ತನಕ ಬಂತು. ನಾಲಿಗೆ ಮೇಲೇಳಲಿಲ್ಲ. ಅಲ್ಲಿ ನಮ್ಮವರು ಒಬ್ಬರೂ ಇರಲಿಲ್ಲ. ಕೂಗಿದ್ದರೆ ಯಾರಿಗೂ ಅದು ಹೆಸರು ಅಂತಲೇ ಗೊತ್ತಾಗುತ್ತಿರಲಿಲ್ಲ. ಆದರೂ ತುಟಿ ಮುಚ್ಚಿಕೊಂಡು ನಿಂತೆ. ಇವರು ಒಳಗಿನಿಂದ "ರೈಟ್" ಅಂದದ್ದು ನನಗೆ ಕೇಳಿತು.

ಬಾಗಿಲು ಮುಚ್ಚಿತು.

ನಂಬರು ನೋಡಲಿಲ್ಲ. ನೀಲಿ ಬಣ್ಣ. ಎಲ್ಲವೂ ನೀಲಿಯೇ.

ಟಿಕೆಟಿನ ಆಫೀಸಿಗೆ ಹೋದೆ. ಕಾಂಚನಾಳ ನಂಬರಿನ ಚೀಟಿ ಕೊಟ್ಟೆ. ಅವಳು ಎತ್ತಲಿಲ್ಲ, ಲ್ಯಾಬಿನೊಳಗೆ ಫೋನು ಒಯ್ಯುವಂತಿಲ್ಲ. ಕೌಂಟರಿನ ಹೆಂಗಸು ಒಳ್ಳೆಯವಳು. ನೀರು ಕೊಟ್ಟಳು. ಮೈಕ್ ತೋರಿಸಿ, ಟ್ರಾಮಿನ ಚಿತ್ರ ತೋರಿಸಿ, ಎಲ್ಲ ಡ್ರೈವರಿಗೂ ಹೇಳುತ್ತೇನೆ ಅಂತ ಸನ್ನೆ ಮಾಡಿ ಕೇಳಿದಳು — "ನೇಮ್?" ನೇಮ್ ಅಂದರೇನು ಅಂತ ನನಗೂ ಗೊತ್ತು. ನಾನು ತಲೆ ಮುಟ್ಟಿ ಟೋಪಿ ಅಂದೆ. ಮೂಗಿನ ಕೆಳಗೆ ಬೆರಳಿಟ್ಟು ಮೀಸೆ ತೋರಿಸಿದೆ. ಬೆನ್ನು ಬಗ್ಗಿಸಿ ನಡೆದು ತೋರಿಸಿದೆ. ಹೆಸರೊಂದು ಬಿಟ್ಟು ಇಡೀ ಮನುಷ್ಯನನ್ನು ಮಾಡಿ ತೋರಿಸಿದೆ. ಪಾಪ, ಅವಳು ಮೈಕ್ ಹಿಡಿದುಕೊಂಡೇ ಕಾದಳು.

ಲ್ಯಾಬಿನಿಂದ ಹೊರಗೆ ಬಂದು ಫೋನು ನೋಡಿ ಕಾಂಚನಾ ಓಡಿ ಬಂದಾಗ ಮೂರೂಕಾಲು. ಬಂದವಳೇ ಕೌಂಟರಿನಲ್ಲಿ ಅಪ್ಪನ ಹೆಸರು ಹೇಳಿದಳು.

ಸಿಕ್ಕಿದ್ದು ಸಾಲ್ಟ್‌ಹೋಲ್ಮೆನ್‌ನಲ್ಲಿ. ಹನ್ನೊಂದನೇ ನಂಬರಿನ ಕೊನೇ ಸ್ಟಾಪು, ಅದರಾಚೆ ಸಮುದ್ರ. ನಾವು ಹೋದಾಗ ಸಣ್ಣ ಮಳೆ, ಕೆಟ್ಟ ಗಾಳಿ. ಇವರು ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದರು, ತೊಯ್ದ ಟೋಪಿ ತೊಡೆಯ ಮೇಲೆ. ಗದಗ ಡಿಪೋದ ನಿಯಮ — ಬಸ್ಸಿನಲ್ಲಿ ಉಳಿದುಹೋದ ಕೂಸು, ಕೊಡೆ, ಗಂಟು ಎಲ್ಲ ಕೊನೇ ಸ್ಟಾಪಿಗೆ. ಹುಡುಕುವವರು ಅಲ್ಲಿಗೇ ಬರಬೇಕು. ಈ ಮಾತನ್ನು ನೂರು ಸಲ ಹೇಳಿದ್ದಾರೆ. ನಾನು ಮುಂದಿನ ಟ್ರಾಮ್ ಹತ್ತಿ ಕೊನೆಗೆ ಹೋಗಿದ್ದರೆ... ಹೊಳೆಯಲೇ ಇಲ್ಲ. ಇವರ ಮಾತನ್ನು ನಾನು ಯಾವಾಗ ಕಿವಿಗೆ ಹಾಕಿಕೊಂಡಿದ್ದೇನೆ?

ಅಲ್ಲಿದ್ದ ಡ್ರೈವರ್ ಕಾಂಚನಾಗೆ ಏನೋ ಹೇಳಿದ. ಅವಳು ಮುಖ ತಿರುಗಿಸಿಕೊಂಡಳು. ಆಮೇಲೆ ಹೇಳಿದಳು — ಬಂದ ಪ್ರತಿ ಟ್ರಾಮಿನ ಬಾಗಿಲಿಗೂ ಹೋಗಿ "ಸುಲೋಚನಾ, ಸುಲೋಚನಾ" ಅಂತ ನನ್ನ ಹೆಸರು ಕೂಗುತ್ತಿದ್ದರಂತೆ. ಅದು ಯಾವುದೋ ಊರಿನ ಹೆಸರು, ಅಲ್ಲಿಗೆ ಹೋಗಬೇಕಾಗಿದೆ ಅಂದುಕೊಂಡು ಅವನು ಮ್ಯಾಪ್ ತಂದು ಕೊಟ್ಟನಂತೆ.

ಇಪ್ಪತ್ತಾರು ಗಾಡಿ ಬಂದವು ಅಂದರು ಇವರು. ಲೆಕ್ಕ ತಪ್ಪುವವರಲ್ಲ.

೨೬ ಜೂನ್

ನಿನ್ನೆ ಬರೆಯುತ್ತ ಒಂದನ್ನು ಬಿಟ್ಟೆ. ಅದೇ ಮುಖ್ಯ.

ಅವತ್ತು ಮನೆಗೆ ಬರುವಾಗ ಕಾರಿನಲ್ಲಿ ಇವರು ಕೇಳಿದರು. ತೊಯ್ದ ಅಂಗಿಯಲ್ಲಿ ಚಳಿಗೆ ನಡುಗುತ್ತಿದ್ದರು.

"ನಾ ಹತ್ತಿದಾಗ ನೀ ಬಾಗಲದಾಗ ಇದ್ದೆಲ್ಲಾ. ಕರೀಲಿಲ್ಲೇನು?"

"ಕರದೆ. ಹೆಸರು ಹಿಡದೇ ಕರದೆ. ನಿಮಗ ಕಿವಿ ಎಲ್ಲೈತಿ?"

ಯಾಕೆ ಹಾಗಂದೆನೋ. ಬೈಯುವ ನಾಲಿಗೆ ತಾನಾಗಿಯೇ ಓಡಿತು. ಇವರು ನನ್ನನ್ನೇ ನೋಡಿದರು. ಜಗಳ ಮಾಡುತ್ತಾರೆ ಅಂದುಕೊಂಡೆ.

"ಹೆಸರು ಕರದಿ? ನೀ?" ಅಂದರು. "ಅಯ್ಯ... ಅದೂ ಕೇಳಲಿಲ್ಲಲ್ಲ ನನಗ."

ಅಷ್ಟೇ. ಮತ್ತೆ ಮನೆ ಬರುವ ತನಕ ಕಿಟಕಿ ನೋಡಿದರು.

೩೦ ಜೂನ್

ಮಳೆಯಲ್ಲಿ ತೊಯ್ದದ್ದಕ್ಕೆ ಇವರಿಗೆ ಬಂದ ಜ್ವರ ಇಳಿದಿದೆ. ಕೆಮ್ಮು ಉಳಿದಿದೆ.

ಮಷೀನು ಹಾಕಿಕೊಳ್ಳುತ್ತಾರೆ. ಯಾರೂ ಹೇಳಲಿಲ್ಲ. ಎದ್ದ ಕೂಡಲೇ ಕನ್ನಡಕದ ಡಬ್ಬಿ ತೆರೆದು ಕನ್ನಡಿಯ ಮುಂದೆ ನಿಂತು ಕಿವಿಗೆ ಸಿಕ್ಕಿಸಿಕೊಳ್ಳುತ್ತಾರೆ. ಜೀರುಂಡೆ ಅನ್ನುವುದಿಲ್ಲ. ಪಾತ್ರೆ ಸದ್ದಾದರೆ ಕಣ್ಣು ಮುಚ್ಚುತ್ತಾರೆ, ತೆಗೆಯುವುದಿಲ್ಲ. ಶಿಕ್ಷೆಗೆ ನಿಂತ ಶಾಲೆಯ ಹುಡುಗನ ಹಾಗೆ.

೨ ಜುಲೈ, ಭಾನುವಾರ

ಹಾಗಾ ಅನ್ನುವ ಹಳೇ ಬೀದಿ. ಕಲ್ಲು ಹಾಸು, ಮರದ ಮನೆ, ಊಟದ ತಟ್ಟೆಯಷ್ಟು ಅಗಲದ ದಾಲ್ಚಿನ್ನಿ ಬನ್ನು. ಫೀಕಾ ಅಂತಾರೆ — ಕಾಫಿ ಕುಡಿಯುತ್ತ ಸುಮ್ಮನೆ ಕೂರುವುದಕ್ಕೆ ಒಂದು ಹೆಸರು. ಶ್ರಾವಣಿ ಎಳೆದುಕೊಂಡು ಹೋದಳು. "ಅಜ್ಜಾ, ಪ್ಲೀಸ್, ನಿಮ್ಮ ಫೇವರಿಟ್ ಟ್ರಾಮ್!"

ಟ್ರಾಮಿನಲ್ಲಿ ಇವರು ಕಂಬದ ಹತ್ತಿರ ನಿಲ್ಲಲಿಲ್ಲ. ಒಳಗಿನ ಸೀಟಿನಲ್ಲಿ ಕೂತು ನನ್ನ ಸೆರಗಿನ ತುದಿ ಹಿಡಿದುಕೊಂಡರು. ಕೂಸಿನ ಗಾಡಿಯೊಂದು ಬಂತು. ಅರ್ಧ ಎದ್ದರು. ಮತ್ತೆ ಕೂತರು.

"ಹೋಗ್ರಿ, ಎತ್ತಿ ಕೊಡ್ರಿ" ಅಂದೆ.

"ಬ್ಯಾಡ. ನೀ ಕರದದ್ದು ಕೇಳದಿದ್ರ?"

ನನ್ನ ಬನ್ನು ಅರ್ಧ ಉಳಿಯಿತು. ಶ್ರಾವಣಿ ಕಟ್ಟಿಸಿಕೊಂಡಳು.

೫ ಜುಲೈ

ಕಿವಿ ಡಾಕ್ಟರು. ಹೆಸರು ಕರೆದು ಒಳಗೆ ಕರೆದಳು — ಅವಳೂ ಬರೀ ಹೆಸರೇ. ಗಾಜಿನ ಡಬ್ಬಿಯಲ್ಲಿ ಕೂರಿಸಿ ಸದ್ದು ಕೇಳಿಸಿದರು. ವಯಸ್ಸಿನದು ಅಂದಳು. ಎಡಗಿವಿ ಬಹಳ ಹೋಗಿದೆ, ಬಲಗಿವಿಯೂ ಇಳಿಯುತ್ತಿದೆ. ಮುಂದೆ ಮಷೀನು ಹಾಕಿದರೂ ಮಾತು ತಿಳಿಯದ ದಿನ ಬರಬಹುದು. ಯಾವಾಗ ಅಂತ ಹೇಳಲಾಗುವುದಿಲ್ಲ.

ಇವರು ನನ್ನ ಕಡೆ ನೋಡಿ ತಲೆಯಾಡಿಸಿದರು. ನೋಡಿದೆಯಾ, ನಿನ್ನ ತಪ್ಪಲ್ಲ — ಅನ್ನುವ ಹಾಗೆ.

ಅಡಿಗೆಮನೆಯಲ್ಲಿ ಕಾಂಚನಾ ನನ್ನನ್ನು ಹಿಡಿದಳು.

"ಅವ್ವಾ, ಒಂದು ಕೇಳ್ತೀನಿ, ಬೈಬೇಡ. ಆಫೀಸಲ್ಲಿ ಮೂರು ಗಂಟೆ ಕೂತು ಅಪ್ಪನ ಹೆಸರು ಹೇಳ್ಲಿಲ್ಲ ನೀನು. ಪ್ಲಾಟ್‌ಫಾರ್ಮ್‌ನಲ್ಲಿ ಕರ್ದೆ ಅಂತೀಯ."

"ಕರದೆ ಅಂದ್ನೆಲ್ಲ."

"ಸರಿ."

ಸರಿ ಅಂದವಳು ಸೌಟು ತಿರುವುತ್ತಲೇ ಇದ್ದಳು. ಸಾರು ಆಗಲೇ ಕುದಿದಿತ್ತು.

"ಹದಿನಾಲ್ಕಕ್ಕೆ ಫ್ಲೈಟು. ಅಪ್ಪ ಇನ್ನು ಬಸ್ ಹತ್ತಲ್ಲ ಅಂತಿದ್ದಾರೆ. ಊರಿಗೆ ಹೋದ್ಮೇಲೆ ಹುಬ್ಬಳ್ಳೀಲೂ ಹತ್ತಲ್ವಂತೆ. ಅಷ್ಟೇ ಹೇಳಿದೆ ನಿಂಗೆ."

೮ ಜುಲೈ

ಮಧ್ಯಾಹ್ನ. ಇವರು ಒಳಗೆ ಮಲಗಿದ್ದಾರೆ.

ಮೊದಲು ಕೈಗೆ ಅಭ್ಯಾಸ ಆಗಲಿ, ಆಮೇಲೆ ಬಾಯಿಗೆ. ಬರೆಯುತ್ತೇನೆ.

ಗೋಪೀನಾಥ.

ಬರೆದೆ. ಏನೂ ಆಗಲಿಲ್ಲ. ಒಳಗಿಂದ ಕೆಮ್ಮು ಕೇಳಿತು, ಎದ್ದು ಹೋಗಿ ನೋಡಿ ಬಂದೆ. ಬರೀ ಕೆಮ್ಮು.

ಅಕ್ಷರ ಚೆನ್ನಾಗಿ ಬಂದಿಲ್ಲ. ಪೀ ದೊಡ್ಡದಾಗಿದೆ. ಬೇರೆ ಯಾರದೋ ಹೆಸರಿನ ಹಾಗೆ ಕಾಣುತ್ತದೆ. ಐವತ್ತನಾಲ್ಕು ವರ್ಷ ಒಂದೇ ಗಂಗಾಳದ ಹತ್ತಿರ ಕೂತು ಉಂಡ ಮನುಷ್ಯನ ಹೆಸರು, ನನ್ನ ಕೈಗೆ ಪರಿಚಯವೇ ಇಲ್ಲ.

೧೦ ಜುಲೈ, ಸೋಮವಾರ. ಸಂಜೆ

ಗಾಜಿನ ಮನೆಗೆ ನಾನೇ ಹಟ ಮಾಡಿ ಕರೆದುಕೊಂಡು ಹೋದೆ. ಶ್ರಾವಣಿ ಹೊರಗೆ ಗುಲಾಬಿಯ ಹತ್ತಿರ ಫೋನಿನಲ್ಲಿ. ಒಳಗೆ ನಾವಿಬ್ಬರೇ, ಆ ಕಡೆ ಕೈಗಾಡಿ ಊರಿಕೊಂಡು ನಡೆಯುವ ಮುದುಕ ಒಬ್ಬ.

ಇವರು ಬಾಳೆಯ ಮುಂದೆ ನಿಂತು ಬೋರ್ಡು ಓದುತ್ತಿದ್ದರು. ನನ್ನ ಕಡೆ ಬೆನ್ನು. ನಾನು ಹಿಂದೆ ನಿಂತು ಅಳತೆ ನೋಡಿದೆ — ಮೂರು ಮೆಟ್ಟಿಲ ದೂರ.

ಕರೆದೆ.

ದೇವರಾಣೆ ಕರೆದೆ. ಮೊದಲ ಸಲ ಸಣ್ಣಗೆ ಬಂತು. ಎರಡನೇ ಸಲ ಗಾಜಿಗೆ ಬಡಿದು ನನ್ನ ಕಿವಿಗೇ ತಿರುಗಿ ಬಂತು. ಆ ಮುದುಕ ತಲೆಯೆತ್ತಿ ನೋಡಿದ.

ಇವರು ತಿರುಗಲಿಲ್ಲ.

ಹತ್ತಿರ ಹೋದೆ. ಕಿವಿ ಖಾಲಿ. ಮಷೀನು ಡಬ್ಬಿಯಲ್ಲಿ, ಡಬ್ಬಿ ಕೋಟಿನ ಕಿಸೆಯಲ್ಲಿ. ನನ್ನನ್ನು ನೋಡಿ ಕಳ್ಳತನದಲ್ಲಿ ಸಿಕ್ಕಿಬಿದ್ದ ಹಾಗೆ ಹಾಕಿಕೊಳ್ಳಲು ಹೋದರು. "ಇಲ್ಲಿ ನೀರಿನ ಸಪ್ಪಳಕ್ಕ ಭಾಳ ಚೀರತೈತಿ ಇದು. ಕರದ್ಯೇನು?"

"ಇಲ್ರಿ" ಅಂದೆ.

ಕರೆಯದ ದಿನ ಕರೆದೆ ಅಂದೆ. ಕರೆದ ದಿನ ಇಲ್ಲ ಅಂದೆ. ನನ್ನಂಥವಳಿಗೆ ನಾಲಿಗೆ ಕೊಟ್ಟು ಆ ದೇವರು ಏನು ಸಾಧಿಸಿದನೋ.

ಅವತ್ತು ಕರೆದಿದ್ದರೂ ಕೇಳುತ್ತಿರಲಿಲ್ಲವೇನೋ. ಆ ಗದ್ದಲ, ಆ ಜನ. ಹಾಗೆ ಅಂದುಕೊಂಡರೆ ಮಲಗಬಹುದು. ಆದರೆ ಲೀನಾ ಕೂಗಿದಾಗ ಮಷೀನು ಎಲ್ಲಿತ್ತು?

೧೧ ಜುಲೈ

ಎರಡು ಸಾಮಾನಿನ ಚೀಲ ತುಂಬಿದೆ. ಕಾಂಚನಾ ತೂಕ ನೋಡುತ್ತಿದ್ದಾಳೆ. ಸಾಲ್ಟ್‌ಹೋಲ್ಮೆನ್‌ನ ಡ್ರೈವರ್ ಕೊಟ್ಟ ಮ್ಯಾಪ್ ಇವರ ಅಂಗಿಯ ಮಡಿಕೆಯಲ್ಲಿ ಸಿಕ್ಕಿತು. ಒಣಗಿಸಿ ಇಟ್ಟುಕೊಂಡಿದ್ದಾರೆ. ಒಂದು ಮೂಲೆಯಲ್ಲಿ ಪೆನ್ಸಿಲಿನ ಗೆರೆಗಳು, ಐದೈದರ ಕಟ್ಟು. ಇಪ್ಪತ್ತಾರು.

೧೨ ಜುಲೈ, ಬುಧವಾರ. ಬೆಳಗ್ಗೆ ಹತ್ತು

ಗ್ಯಾಲರಿ. ಬಿಸಿಲಿದೆ. ಕಾಂಚನಾ ಕೆಲಸಕ್ಕೆ ಹೋದಳು. ಶ್ರಾವಣಿ ಎದ್ದಿಲ್ಲ. ನಮ್ಮ ಎದುರಿಗೇ ನಾಲ್ಕನೇ ನಂಬರಿನ ಟ್ರಾಮಿನ ಕಂಬಿ ಕಾಣುತ್ತದೆ.

ಬೆನ್ನ ಹಿಂದೆ ನಿಂತು ಕರೆಯುವುದು ಸಾಕು. ಎದುರಿಗೆ ಕೂರಿಸಿ ಹೇಳಬೇಕು. ಮೊದಲು ತಪ್ಪು. ಅವತ್ತು ನಾನು ಕರೆಯಲಿಲ್ಲ, ನಿಮ್ಮ ಕಿವಿಯದಲ್ಲ, ನನ್ನ ಬಾಯಿಯದು. ಆಮೇಲೆ ಹೆಸರು. ಬರೀ ಹೆಸರು ಬಾರದಿದ್ದರೆ ಒಡಪಿನಲ್ಲಿಟ್ಟು ಹೇಳಬೇಕು. ನಾಲಿಗೆ ತೊದಲದ ಹಾಗೆ ಒಮ್ಮೆ ಬರೆದುಕೊಳ್ಳುತ್ತೇನೆ.

ಅಂಗಳದಾಗ ಅರಳ್ಯಾವ ಅಬ್ಬಲಿಗಿ ಹೂವು,
ಗೋಪೀನಾಥರ ಹೆಸರ ಹೇಳೇನಿ, ಬಾಗಿಲಾ ಬಿಡ್ರಿ ನೀವು.

ಬಾಗಿಲಾ ಬಿಡ್ರಿ. ಅವತ್ತು ಆ ಸ್ಟಾಪಿನಲ್ಲಿ ಇದೊಂದು ಸಾಲು...

ಚಪ್ಪಲಿಯ ಸದ್ದು. ಎದ್ದಿದ್ದಾರೆ. ಎರಡು ಲೋಟ ಚಹಾ ಹಿಡಿದು ಬರುತ್ತಿದ್ದಾರೆ, ಚೆಲ್ಲುತ್ತ. ಮಷೀನು ಕಿವಿಯಲ್ಲೇ ಇದೆ. ಎದುರಿನ ಕುರ್ಚಿ ಎಳೆದರು. ಏನ್ ಬರಿಯಾಕತ್ತಿ ಅಂತ ಕೇಳುತ್ತಿದ್ದಾರೆ. ಮುಖ ಬಾಗಿಸಿ ಬಲಗಿವಿ ನನ್ನ ಕಡೆ ಮಾಡಿದ್ದಾರೆ. ಇನ್ನು ಬರೆಯುವುದಲ್ಲ, ಹೇಳುವುದು. ಪೆನ್ನು ಕೆಳಗೆ ಇಡು ಸುಲೋ...